ಮಾರ್ಕ್ ಜಾನ್ಸನ್, ಆಟಗಾರ ಮತ್ತು ಕೋಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಐಸ್ ಹಾಕಿ ನೋಡುವ ಕನ್ನಡಿಗರು ಕಡಿಮೆ. ನೋಡುವವರಿಗೂ ಹೆಚ್ಚಾಗಿ ಗೊತ್ತಿರುವುದು 1980ರ ಒಂದೇ ಒಂದು ಪಂದ್ಯ. ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ತಂಡವನ್ನು ಸೋಲಿಸಿದ್ದು. ಆ ದಿನ ಎರಡು ಗೋಲು ಹೊಡೆದ ಹುಡುಗ ಆಮೇಲೆ ಏನು ಮಾಡಿದ ಅಂತ ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ನನಗೆ ಇಷ್ಟವಾಗಿರುವುದು ಆ ಆಮೇಲಿನ ಕತೆಯೇ. ಈ ಆಟದ ಮಾತು ಬಂದಾಗಲೆಲ್ಲ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳನ್ನು, ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮಾರ್ಕ್ ಜಾನ್ಸನ್ ಯಾರು?

ಅಮೆರಿಕದ ಐಸ್ ಹಾಕಿ ಆಟಗಾರ, ಆಮೇಲೆ ಕೋಚ್. 1957ರ ಸೆಪ್ಟೆಂಬರ್ 22ರಂದು ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದರು. ಬೆಳೆದದ್ದು ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ. ಅದೇ ಊರಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಆಡಿದರು, ಒಲಿಂಪಿಕ್ಸ್ ಚಿನ್ನ ಗೆದ್ದರು, 11 ವರ್ಷ ದುಡ್ಡಿಗಾಗಿ ಆಡುವ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿದ್ದರು. 2002ರಿಂದ ಅದೇ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆದರು. 2025ರವರೆಗೆ ಆ ತಂಡ 8 ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಎಂಟೂ ಅವರ ಕೈಕೆಳಗೆ.

ಐಸ್ ಹಾಕಿ ಅಂದ್ರೆ ನಮ್ಮ ಹಾಕಿಯನ್ನೇ ಮಂಜುಗಡ್ಡೆ ಮೇಲೆ ಆಡೋದು, ಅಲ್ವಾ?

ಸ್ಟಿಕ್ ಇದೆ, ಗೋಲು ಇದೆ, ಹೋಲಿಕೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರಿನ ಬಿಲ್ಲೆ. ಒಂದು ತಂಡದಿಂದ ಒಂದು ಸಲಕ್ಕೆ ಗೋಲಿ, ಅಂದರೆ ಗೋಲು ಕಾಯುವವ, ಸೇರಿ 6 ಜನ ಮಾತ್ರ ಅಂಗಣದಲ್ಲಿ. ಆಟ 20 ನಿಮಿಷದ ಮೂರು ಪೀರಿಯಡ್. ವೇಗ ಎಷ್ಟು ಅಂದರೆ ಒಬ್ಬ ಆಟಗಾರ ಒಂದು ನಿಮಿಷದೊಳಗೆ ದಣಿದು ಬೆಂಚಿಗೆ ಹಾರುತ್ತಾನೆ, ಆಟ ನಿಲ್ಲದೆಯೇ ಇನ್ನೊಬ್ಬ ಒಳಗೆ ಜಿಗಿಯುತ್ತಾನೆ. ಅಂಗಣದ ಸುತ್ತ ಗೋಡೆ ಇರುವುದರಿಂದ ಪಕ್ ಹೊರಗೆ ಹೋಗುವುದು ಕಡಿಮೆ. ಗೋಡೆಗೆ ಬಡಿದು ವಾಪಸ್ ಬರುವ ಪಕ್ಕನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಆಡಬೇಕು. ಈ ಗೋಡೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆದರೆ ಆಟಗಾರ ಕೋಚ್ ಆಗುವ ದಾರಿ ನಮಗೆ ಹೊಸದಲ್ಲ. ಭಾರತ ತಂಡದ ನಾಯಕನಾಗಿ ಆಡಿ, ಆಮೇಲೆ ಅದೇ ತಂಡಕ್ಕೆ ಕೋಚ್ ಆದ ಕೊಡಗಿನ ಎಂ.ಪಿ. ಗಣೇಶ್ ಅವರನ್ನು ಹಾಕಿ ಬಲ್ಲ ಕನ್ನಡಿಗರೆಲ್ಲ ಬಲ್ಲರು.

ಕಾಲೇಜು ಆಟಕ್ಕೆ ಅಮೆರಿಕದಲ್ಲಿ ಅಷ್ಟೊಂದು ಬೆಲೆ ಯಾಕೆ?

ನಮ್ಮಲ್ಲಿ ಕಾಲೇಜು ಟೂರ್ನಿ ನೋಡಲು ಬರುವವರು ಸಹಪಾಠಿಗಳು, ಜಾಸ್ತಿ ಅಂದರೆ ಮನೆಯವರು. ಅಲ್ಲಿ ಹಾಗಲ್ಲ. ಮ್ಯಾಡಿಸನ್‌ನಂಥ ಊರಿನಲ್ಲಿ ವಿಶ್ವವಿದ್ಯಾಲಯದ ತಂಡವೇ ಊರಿನ ತಂಡ. ಟಿಕೆಟ್ ಇರುತ್ತದೆ, ಸಾವಿರಾರು ಜನ ಬರುತ್ತಾರೆ, ಆಟಗಾರರಿಗೆ ವಿದ್ಯಾರ್ಥಿವೇತನ ಸಿಗುತ್ತದೆ, ಕೋಚ್‌ಗೆ ಅದು ಪೂರ್ಣಾವಧಿ ಕೆಲಸ. ದೊಡ್ಡ ಕಾಲೇಜುಗಳ ಆಟವನ್ನು ಎನ್‌ಸಿಎಎ ಅನ್ನುವ ಸಂಸ್ಥೆ ನಡೆಸುತ್ತದೆ. ವರ್ಷದ ಕೊನೆಗೆ ಉಳಿಯುವ ನಾಲ್ಕು ತಂಡಗಳ ಸೆಮಿಫೈನಲ್, ಫೈನಲ್‌ಗೆ ಫ್ರೋಜನ್ ಫೋರ್ ಅಂತ ಹೆಸರು.

ಅವರ ಅಪ್ಪನೂ ಕೋಚ್ ಆಗಿದ್ದರಂತೆ?

ಹೌದು. ಬರೀ ಕೋಚ್ ಅಲ್ಲ, ಅಮೆರಿಕದ ಹಾಕಿಯಲ್ಲಿ ದೊಡ್ಡ ಹೆಸರು. ಬಾಬ್ ಜಾನ್ಸನ್ ತಾವೂ ಕಾಲೇಜು ಹಾಕಿ ಆಡಿದವರೇ. ಕೊಲೊರಾಡೊ ಕಾಲೇಜಿನಲ್ಲಿ ಕೋಚ್ ಆಗಿದ್ದವರು 1966ರಲ್ಲಿ ವಿಸ್ಕಾನ್ಸಿನ್‌ಗೆ ಬಂದರು. 1973, 1977, 1981, ಮೂರು ಸಲ ತಂಡವನ್ನು ಚಾಂಪಿಯನ್ ಮಾಡಿದರು. ವಿಸ್ಕಾನ್ಸಿನ್ ತಂಡಗಳಿಗೆ ಬ್ಯಾಜರ್ಸ್ ಅಂತ ಅಡ್ಡಹೆಸರು, ಅದರಿಂದ ಇವರಿಗೆ ‘ಬ್ಯಾಜರ್ ಬಾಬ್’ ಅನ್ನುವ ಹೆಸರು ಅಂಟಿಕೊಂಡಿತು. ‘ಇವತ್ತು ಹಾಕಿ ಆಡೋಕೆ ಎಂಥ ಒಳ್ಳೆ ದಿನ’ ಅನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಮಳೆ ಬರಲಿ, ಮಂಜು ಬೀಳಲಿ, ನಿನ್ನೆ ಸೋತಿರಲಿ, ಇದೇ ಮಾತು.

ಮುಂದೆ ಅವರು ದೊಡ್ಡ ಲೀಗ್‌ಗೆ ಹೋದರು. 1986ರಲ್ಲಿ ಕ್ಯಾಲ್ಗರಿ ತಂಡವನ್ನು ಆ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ವರೆಗೆ ಕರೆದೊಯ್ದರು. 1991ರಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಕಪ್ಪನ್ನೇ ಗೆದ್ದುಕೊಟ್ಟರು. ಅದೇ ವರ್ಷ ನವೆಂಬರ್ 26ರಂದು ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗ ವಿಸ್ಕಾನ್ಸಿನ್‌ನಲ್ಲಿ ಕೋಚ್ ಆಗಿದ್ದನ್ನು ನೋಡುವ ಭಾಗ್ಯ ಅಪ್ಪನಿಗೆ ಇರಲಿಲ್ಲ.

ಅಪ್ಪನ ತಂಡದಲ್ಲೇ ಮಗ ಆಡಿದ್ರೆ ಜನ ಮಾತಾಡಲ್ವಾ?

ಮಾತಾಡುವುದಕ್ಕೆ ಮಾರ್ಕ್ ಜಾಗವೇ ಕೊಡಲಿಲ್ಲ. ಕಾಲೇಜಿಗೆ ಸೇರಿದ ಮೊದಲ ವರ್ಷವೇ, 1977ರಲ್ಲಿ, ತಂಡ ಚಾಂಪಿಯನ್ ಆಯಿತು. ಮೂರು ವರ್ಷದಲ್ಲಿ 125 ಪಂದ್ಯ ಆಡಿ 125 ಗೋಲು ಹೊಡೆದರು. ಪಂದ್ಯಕ್ಕೆ ಒಂದು ಗೋಲು! ಜೊತೆಗೆ ಬೇರೆಯವರ ಗೋಲಿಗೆ ಪಾಸ್ ಕೊಟ್ಟದ್ದು 131 ಸಲ. ಐಸ್ ಹಾಕಿಯಲ್ಲಿ ಗೋಲಿಗೂ ಪಾಸಿಗೂ ತಲಾ ಒಂದು ಪಾಯಿಂಟ್, ಒಟ್ಟು 256. ವಿಸ್ಕಾನ್ಸಿನ್ ಪುರುಷರ ತಂಡದ ಇತಿಹಾಸದಲ್ಲಿ ಅವರಿಗಿಂತ ಜಾಸ್ತಿ ಪಾಯಿಂಟ್ ಇರುವುದು ಒಬ್ಬರಿಗೆ ಮಾತ್ರ, ಮೈಕ್ ಈವ್ಸ್. ಆಗ ಇಬ್ಬರೂ ಒಂದೇ ತಂಡದ ಗೆಳೆಯರು. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಆಳು ದೊಡ್ಡವರಲ್ಲ. ಮೈಬಲದಿಂದ ನುಗ್ಗುವ ಆಟವೂ ಅಲ್ಲ. ಪಕ್ ಎಲ್ಲಿಗೆ ಬರುತ್ತದೆ ಅನ್ನುವುದು ಅವರಿಗೆ ಬೇರೆಯವರಿಗಿಂತ ಸ್ವಲ್ಪ ಮೊದಲೇ ಗೊತ್ತಾಗುತ್ತಿತ್ತು. ಅಪ್ಪನ ತಂಡದ ಪ್ರಾಕ್ಟೀಸ್ ನೋಡುತ್ತಲೇ ಬೆಳೆದ ಹುಡುಗ, ಆ ಕಣ್ಣು ಬಂದದ್ದು ಅಲ್ಲಿಂದಲೇ ಅಂತ ನಾನು ನಂಬಿದ್ದೇನೆ.

1980ರ ಒಲಿಂಪಿಕ್ಸ್ ತಂಡಕ್ಕೆ ಹೇಗೆ ಆಯ್ಕೆಯಾದರು?

1976ರಲ್ಲಿ ಅಮೆರಿಕದ ಒಲಿಂಪಿಕ್ಸ್ ತಂಡಕ್ಕೆ ಬಾಬ್ ಜಾನ್ಸನ್ ಕೋಚ್. 18ರ ಹುಡುಗ ಮಾರ್ಕ್ ಆ ತಂಡದ ಜೊತೆ ಕೆಲವು ತಯಾರಿ ಪಂದ್ಯ ಆಡಿದ್ದರು, ಅಂತಿಮ ತಂಡದಲ್ಲಿ ಇರಲಿಲ್ಲ.

1980ಕ್ಕೆ ಕೋಚ್ ಆದವರು ಹರ್ಬ್ ಬ್ರೂಕ್ಸ್, ಮಿನಿಸೋಟ ವಿಶ್ವವಿದ್ಯಾಲಯದ ಕೋಚ್. ಮಿನಿಸೋಟಕ್ಕೂ ವಿಸ್ಕಾನ್ಸಿನ್‌ಗೂ ಎಣ್ಣೆ ಸೀಗೆಕಾಯಿ. ಬ್ರೂಕ್ಸ್‌ಗೂ ಬಾಬ್‌ಗೂ ಅಷ್ಟೇ. ಎದುರಾಳಿಯ ಮಗನನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರಾ ಅನ್ನುವ ಅನುಮಾನ ಸಹಜವೇ. ತೆಗೆದುಕೊಂಡರು, ಅಷ್ಟೇ ಅಲ್ಲ, ಆಟದ ಭಾರವನ್ನು ಅವನ ಹೆಗಲ ಮೇಲೇ ಹಾಕಿದರು. 20 ಜನರ ತಂಡದಲ್ಲಿ 9 ಮಂದಿ ಮಿನಿಸೋಟ ವಿಶ್ವವಿದ್ಯಾಲಯದವರು, ವಿಸ್ಕಾನ್ಸಿನ್‌ನವರು ಇಬ್ಬರೇ. ಕೊನೆಗೆ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಗಳಿಸಿದ್ದು ಮಾರ್ಕ್. 7 ಪಂದ್ಯಗಳಲ್ಲಿ 5 ಗೋಲು, 6 ಪಾಸ್.

ಬ್ರೂಕ್ಸ್ ತೀರಾ ಕಟ್ಟುನಿಟ್ಟು. 1979ರ ಸೆಪ್ಟೆಂಬರ್‌ನಲ್ಲಿ ನಾರ್ವೆ ಜೊತೆ ಪಂದ್ಯ 3–3 ಸಮವಾಯಿತು. ಹುಡುಗರು ಮನಸ್ಸಿಟ್ಟು ಆಡಲಿಲ್ಲ ಅಂತ ಪಂದ್ಯ ಮುಗಿದ ಮೇಲೂ ಅವರನ್ನು ಅಂಗಣದಲ್ಲೇ ನಿಲ್ಲಿಸಿಕೊಂಡು ಓಡಿಸಿದರು. ಸಿಬ್ಬಂದಿ ದೀಪ ಆರಿಸಿದರು. ಕತ್ತಲಲ್ಲೂ ಓಡಿಸಿದರು. ಮಾರನೆಯ ಪಂದ್ಯವನ್ನು ತಂಡ 9–0ಯಿಂದ ಗೆದ್ದಿತು.

ಆ ‘ಒಂದು ಸೆಕೆಂಡಿನ ಗೋಲು’ ಅಂದರೆ ಯಾವುದು?

ಇದನ್ನು ನಿಧಾನವಾಗಿಯೇ ಹೇಳಬೇಕು.

1980ರ ಫೆಬ್ರವರಿ 22, ಶುಕ್ರವಾರ. ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಅನ್ನುವ ಪುಟ್ಟ ಊರು. ಎದುರಿಗೆ ಸೋವಿಯತ್ ಒಕ್ಕೂಟ, 1964ರಿಂದ ಸತತ ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದ ತಂಡ. ಎರಡು ವಾರ ಮೊದಲು ನ್ಯೂಯಾರ್ಕ್ ನಗರದಲ್ಲಿ ಇದೇ ತಂಡ ಅಮೆರಿಕವನ್ನು 10–3ರಿಂದ ಬಡಿದಿತ್ತು. ಗೋಲಿನಲ್ಲಿ ವ್ಲಾಡಿಸ್ಲಾವ್ ಟ್ರೆಟಿಯಾಕ್. ಆಗ ಜಗತ್ತಿನಲ್ಲಿ ಅವರಿಗಿಂತ ಒಳ್ಳೆಯ ಗೋಲಿ ಇಲ್ಲ ಅಂತ ಬಹಳ ಮಂದಿ ಹೇಳುತ್ತಿದ್ದರು.

ಮೊದಲ ಪೀರಿಯಡ್ ಮುಗಿಯುತ್ತಾ ಬಂದಿದೆ. ಸೋವಿಯತ್ 2, ಅಮೆರಿಕ 1. ಗಡಿಯಾರದಲ್ಲಿ ಉಳಿದಿರುವುದು ಕೆಲವೇ ಸೆಕೆಂಡು. ಡೇವ್ ಕ್ರಿಶ್ಚಿಯನ್ ಬಲು ದೂರದಿಂದ, ಸುಮ್ನೆ ಅನ್ನುವ ಹಾಗೆ, ಗೋಲಿನ ಕಡೆ ಒಂದು ಹೊಡೆತ ಹೊಡೆದರು. ಟ್ರೆಟಿಯಾಕ್‌ಗೆ ಅದು ಲೆಕ್ಕಕ್ಕಿಲ್ಲ, ತಡೆದರು. ಆದರೆ ಪಕ್ ಪ್ಯಾಡಿಗೆ ಬಡಿದು ಮುಂದಕ್ಕೆ ಚಿಮ್ಮಿತು. ಸೋವಿಯತ್ ರಕ್ಷಕರು ಇಬ್ಬರೂ ಪೀರಿಯಡ್ ಮುಗಿಯಿತು ಅಂತ ಕಾಲು ಸಡಿಲ ಬಿಟ್ಟಿದ್ದರು. ಅವರಿಬ್ಬರ ನಡುವಿನ ಸಂದಿಯಲ್ಲಿ ಒಬ್ಬ ಮಾತ್ರ ಇನ್ನೂ ಓಡುತ್ತಿದ್ದ. ಮಾರ್ಕ್ ಪಕ್ಕನ್ನು ಹಿಡಿದರು, ಒಂದು ಕಡೆ ಹೋಗುವ ಹಾಗೆ ಮಾಡಿ ಟ್ರೆಟಿಯಾಕ್ ಅವರನ್ನು ಎಳೆದರು, ಖಾಲಿ ಜಾಗಕ್ಕೆ ಪಕ್ ತಳ್ಳಿದರು. ಗಡಿಯಾರದಲ್ಲಿ ಉಳಿದದ್ದು ಒಂದು ಸೆಕೆಂಡು.

ಸೋವಿಯತ್ ತಂಡ ಆಗಲೇ ಡ್ರೆಸ್ಸಿಂಗ್ ರೂಮಿನ ಕಡೆ ನಡೆದಿತ್ತು. ಆ ಒಂದು ಸೆಕೆಂಡು ಆಡಿ ಮುಗಿಸಲೇಬೇಕು ಅಂತ ರೆಫರಿ ವಾಪಸ್ ಕರೆಸಿದರು. ಕೆಲವೇ ಆಟಗಾರರು ಬಂದರು. ಗೋಲಿನಲ್ಲಿ ಬಂದು ನಿಂತದ್ದು ಟ್ರೆಟಿಯಾಕ್ ಅಲ್ಲ, ಎರಡನೇ ಗೋಲಿ ವ್ಲಾಡಿಮಿರ್ ಮಿಶ್ಕಿನ್. ಉಳಿದ ಪಂದ್ಯಕ್ಕೂ ಅವರೇ. ಟ್ರೆಟಿಯಾಕ್ ಅವರನ್ನು ಕೂರಿಸಿದ್ದು ತಮ್ಮ ಕೋಚಿಂಗ್ ಬದುಕಿನ ಅತಿ ದೊಡ್ಡ ತಪ್ಪು ಅಂತ ಸೋವಿಯತ್ ಕೋಚ್ ವಿಕ್ಟರ್ ಟಿಖೊನೊವ್ ಮುಂದೆ ಒಪ್ಪಿಕೊಂಡರು.

ಮೂರನೇ ಪೀರಿಯಡ್‌ನಲ್ಲಿ ಪಂದ್ಯವನ್ನು 3–3ಕ್ಕೆ ತಂದ ಗೋಲೂ ಮಾರ್ಕ್ ಅವರದೇ. ಅದಾದ ಒಂದೂವರೆ ನಿಮಿಷದೊಳಗೆ ನಾಯಕ ಮೈಕ್ ಎರುಜಿಯೊನಿ ನಾಲ್ಕನೆಯದನ್ನು ಹೊಡೆದರು. ಸೋವಿಯತ್ ಆಟಗಾರರು 39 ಸಲ ಗೋಲಿಗೆ ಹೊಡೆದರು, ಅಮೆರಿಕದ ಗೋಲಿ ಜಿಮ್ ಕ್ರೇಗ್ 36 ತಡೆದರು. ಅಮೆರಿಕ ಹೊಡೆದದ್ದೇ 16 ಸಲ.

ಚಿತ್ರಗಳಲ್ಲಿ ಎಲ್ಲರೂ ನೋಡುವುದು ಎರುಜಿಯೊನಿಯ ಗೋಲು. ಅದು ಸರಿಯೇ. ಆದರೆ ಪಂದ್ಯ ತಿರುಗಿದ್ದು ಆ ಒಂದು ಸೆಕೆಂಡಿನಲ್ಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಪಂದ್ಯ ಗೆದ್ದಿದ್ದಕ್ಕೇ ಚಿನ್ನ ಬಂತಾ?

ಇಲ್ಲ. ಇದು ಬಹಳ ಜನ ತಪ್ಪು ತಿಳಿದಿರುವ ವಿಷಯ. ಅದು ಫೈನಲ್ ಅಲ್ಲ. ಎರಡು ದಿನ ಬಿಟ್ಟು ಫಿನ್ಲೆಂಡ್ ವಿರುದ್ಧ ಆಡಬೇಕಿತ್ತು. ಸೋತಿದ್ದರೆ ಪದಕವೇ ಕೈತಪ್ಪುವ ಸಾಧ್ಯತೆ ಇತ್ತು. ಎರಡು ಪೀರಿಯಡ್ ಮುಗಿದಾಗ ಅಮೆರಿಕ 1–2ರಿಂದ ಹಿಂದೆ. ಕೊನೆಗೆ 4–2ರಿಂದ ಗೆದ್ದಿತು. ನಾಲ್ಕನೇ ಗೋಲು, ತಮ್ಮ ಕಡೆ ಒಬ್ಬ ಆಟಗಾರ ಕಡಿಮೆ ಇದ್ದಾಗ ಹೊಡೆದದ್ದು, ಮತ್ತೆ ಮಾರ್ಕ್ ಜಾನ್ಸನ್.

ಎನ್‌ಎಚ್‌ಎಲ್‌ನಲ್ಲಿ ಹೇಗೆ ಆಡಿದರು?

ಚೆನ್ನಾಗಿಯೇ ಆಡಿದರು, ದಂತಕತೆ ಆಗಲಿಲ್ಲ. 1990ರವರೆಗೆ ಪಿಟ್ಸ್‌ಬರ್ಗ್, ಮಿನಿಸೋಟ, ಹಾರ್ಟ್‌ಫರ್ಡ್, ಸೇಂಟ್ ಲೂಯಿಸ್, ನ್ಯೂಜೆರ್ಸಿ, ಐದು ತಂಡ. 669 ಪಂದ್ಯ, 203 ಗೋಲು, ಒಟ್ಟು 508 ಪಾಯಿಂಟ್. ಹಾರ್ಟ್‌ಫರ್ಡ್‌ಗೆ ನಾಯಕರೂ ಆಗಿದ್ದರು. 1983–84ರಲ್ಲಿ 35 ಗೋಲು ಹೊಡೆದದ್ದೇ ಅವರ ಅತ್ಯುತ್ತಮ ಹಂಗಾಮು. ಆಮೇಲೆ ಸ್ವಲ್ಪ ಕಾಲ ಇಟಲಿ, ಆಸ್ಟ್ರಿಯಾದಲ್ಲೂ ಆಡಿದರು.

ಕೋಚಿಂಗ್‌ಗೆ ನೇರವಾಗಿ ದೊಡ್ಡ ಹುದ್ದೆಗೇ ಬಂದರಾ?

ಇಲ್ಲ, ಕೆಳಗಿನ ಮೆಟ್ಟಿಲಿಂದಲೇ ಬಂದರು. ಒಲಿಂಪಿಕ್ಸ್ ಚಿನ್ನ ಇದ್ದ ಮನುಷ್ಯ ಮ್ಯಾಡಿಸನ್ ಕಡೆಗೆ ವಾಪಸ್ ಬಂದು ಹೈಸ್ಕೂಲು ಹುಡುಗರಿಗೆ ಕಲಿಸಿದರು. 1995–96ರಲ್ಲಿ ಮ್ಯಾಡಿಸನ್ ಮಾನ್‌ಸ್ಟರ್ಸ್ ಅನ್ನುವ ಸಣ್ಣ ಲೀಗಿನ ತಂಡಕ್ಕೆ ಕೋಚ್ ಆದರು. 1996ರಲ್ಲಿ ವಿಸ್ಕಾನ್ಸಿನ್ ಪುರುಷರ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿಕೊಂಡರು. ಅಲ್ಲಿ ಆರು ವರ್ಷ ಇದ್ದರು.

2002ರಲ್ಲಿ ಪುರುಷರ ತಂಡದ ಕೆಲಸ ಯಾಕೆ ಸಿಗಲಿಲ್ಲ?

ಆ ವರ್ಷ ಮುಖ್ಯ ಕೋಚ್ ಜೆಫ್ ಸಾವರ್ ನಿವೃತ್ತರಾದರು. ಮಾರ್ಕ್ ಅರ್ಜಿ ಹಾಕಿದರು. ಅದು ಅಪ್ಪ ಕೂತಿದ್ದ ಕುರ್ಚಿ. ಊರು ಅವರದೇ, ಅಂಗಣ ಅವರದೇ, ಆರು ವರ್ಷದಿಂದ ಅದೇ ಬೆಂಚಿನಲ್ಲಿ ನಿಂತವರು. ಆದರೆ ಕೆಲಸ ಸಿಕ್ಕಿದ್ದು ಮೈಕ್ ಈವ್ಸ್‌ಗೆ. ಹೌದು, ಅದೇ ಹಳೇ ಗೆಳೆಯ. ವಿಸ್ಕಾನ್ಸಿನ್ ಇತಿಹಾಸದಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದ ಇಬ್ಬರು ಒಂದೇ ಹುದ್ದೆಗೆ ಎದುರುಬದುರಾಗಿದ್ದರು. ಈವ್ಸ್ ಅರ್ಹರಲ್ಲ ಅಂತ ಯಾರೂ ಹೇಳಲಾರರು, ನಾಲ್ಕು ವರ್ಷದಲ್ಲಿ ತಂಡವನ್ನು ಚಾಂಪಿಯನ್ ಮಾಡಿ ತೋರಿಸಿದರು.

ಅದೇ ಬೇಸಿಗೆಯಲ್ಲಿ ಹೆಣ್ಣುಮಕ್ಕಳ ತಂಡದ ಹುದ್ದೆಯೂ ಖಾಲಿ ಇತ್ತು. ತಂಡ ಶುರುವಾಗಿ ಮೂರೇ ವರ್ಷ ಆಗಿತ್ತು. ಪುರುಷರ ತಂಡಕ್ಕೆ ಬರುತ್ತಿದ್ದ ಜನ ಇಲ್ಲ, ಪೇಪರಿನಲ್ಲಿ ಸುದ್ದಿ ಇಲ್ಲ. ಮಾರ್ಕ್ ಆ ಕೆಲಸ ಒಪ್ಪಿಕೊಂಡರು.

ಇಲ್ಲಿ ನನಗೆ ಅವರ ಬಗ್ಗೆ ಗೌರವ ಉಕ್ಕುವುದು ಯಾಕೆ ಅಂದರೆ, ಸಿಕ್ಕಿದ್ದನ್ನು ಅವರು ಎರಡನೇ ದರ್ಜೆಯ ಕೆಲಸ ಅಂತ ನೋಡಲಿಲ್ಲ. ಎರಡು ಮೂರು ವರ್ಷ ಇಲ್ಲಿ ಕಾಲ ಹಾಕಿ ಆಚೆ ಹಾರೋಣ ಅನ್ನುವವರು ಎಷ್ಟಿಲ್ಲ? ಇವರು ಎರಡು ದಶಕ ದಾಟಿಯೂ ಅಲ್ಲೇ ಇದ್ದಾರೆ. ಕಾಲೇಜು ಮಹಿಳಾ ಹಾಕಿಯಲ್ಲಿ ಅವರಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ, ಗೆಲುವಿನ ಲೆಕ್ಕ 600 ದಾಟಿ ಬಹಳ ಮುಂದೆ ಹೋಗಿದೆ.

ಹೆಣ್ಣುಮಕ್ಕಳ ಹಾಕಿಯ ನಿಯಮ ಬೇರೆಯಾ?

ಮುಖ್ಯ ವ್ಯತ್ಯಾಸ ಒಂದೇ. ಪುರುಷರ ಆಟದಲ್ಲಿ ಪಕ್ ಇರುವವನನ್ನು ಮೈಯಿಂದ ಗುದ್ದಿ ಗೋಡೆಗೆ ಒತ್ತಬಹುದು. ಕಾಲೇಜು ಹೆಣ್ಣುಮಕ್ಕಳ ಆಟದಲ್ಲಿ ಹಾಗೆ ಗುದ್ದುವುದು ತಪ್ಪು. ಹೀಗಾಗಿ ಸ್ಕೇಟಿಂಗ್, ಪಾಸು, ಜಾಗ ಹುಡುಕುವ ಜಾಣತನಕ್ಕೆ ಜಾಸ್ತಿ ಬೆಲೆ. ಯೋಚಿಸಿ ನೋಡಿ, ಮಾರ್ಕ್ ಆಡುತ್ತಿದ್ದದ್ದೂ ಅದೇ ಥರದ ಆಟ.

ಮಹಿಳಾ ಐಸ್ ಹಾಕಿ ಒಲಿಂಪಿಕ್ಸ್‌ಗೆ ಬಂದದ್ದೇ 1998ರಲ್ಲಿ, ಎನ್‌ಸಿಎಎ ಚಾಂಪಿಯನ್‌ಶಿಪ್ ಶುರುವಾದದ್ದು 2001ರಲ್ಲಿ. ಅವರು ಬಂದಾಗ ಆಟ ಇನ್ನೂ ಎಳೆಯದು.

ಎಂಟು ಚಾಂಪಿಯನ್‌ಶಿಪ್ ಯಾವ ಯಾವ ವರ್ಷ?

2006, 2007, 2009, 2011, 2019, 2021, 2023, 2025.

ಮೊದಲನೆಯದು 2006ರಲ್ಲಿ, ಮಿನಿಸೋಟ ವಿರುದ್ಧ, ಮಿನಿಸೋಟದ ನೆಲದಲ್ಲೇ, 3–0. ಅಲ್ಲಿಯವರೆಗೆ ಮಿನಿಸೋಟ ರಾಜ್ಯದ ಹೊರಗಿನ ಯಾವ ತಂಡವೂ ಈ ಪ್ರಶಸ್ತಿ ಗೆದ್ದಿರಲಿಲ್ಲ. ಅದೇ ವರ್ಷ ಈವ್ಸ್ ಅವರ ಪುರುಷರ ತಂಡವೂ ಚಾಂಪಿಯನ್. ಒಂದೇ ವರ್ಷದಲ್ಲಿ ಎರಡೂ ಗೆದ್ದ ಮೊದಲ ವಿಶ್ವವಿದ್ಯಾಲಯ ವಿಸ್ಕಾನ್ಸಿನ್. ಒಂದು ಕೆಲಸಕ್ಕೆ ಸ್ಪರ್ಧಿಸಿದ್ದ ಇಬ್ಬರು ಗೆಳೆಯರು ಒಂದೇ ವಸಂತದಲ್ಲಿ ಊರಿಗೆ ಎರಡು ಕಪ್ ತಂದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2007. ಮೊದಲು ಕ್ವಾರ್ಟರ್ ಫೈನಲ್, ಹಾರ್ವರ್ಡ್ ವಿರುದ್ಧ, ಮ್ಯಾಡಿಸನ್‌ನಲ್ಲಿ. 60 ನಿಮಿಷ ಮುಗಿದರೂ 0–0. ಹೆಚ್ಚುವರಿ 20 ನಿಮಿಷ, 0–0. ಇನ್ನೊಂದು 20, ಮತ್ತೂ 0–0. ಮೂರನೆಯದೂ ಹಾಗೇ. ಎರಡು ಪಂದ್ಯ ಆಡುವಷ್ಟು ಹೊತ್ತು ಹುಡುಗಿಯರು ಸ್ಕೇಟಿಂಗ್ ಮಾಡಿದ್ದಾರೆ, ಒಂದು ಗೋಲಿಲ್ಲ. ನಾಲ್ಕನೇ ಹೆಚ್ಚುವರಿ ಅವಧಿ ಶುರುವಾಗಿ ಏಳು ನಿಮಿಷ ದಾಟಿದಾಗ ಜಿನೆಲ್ ಝಾಗ್ ಹೊಡೆದ ಪಕ್ ಒಳಗೆ ಹೋಯಿತು. ಒಟ್ಟು 127 ನಿಮಿಷ 9 ಸೆಕೆಂಡು. ವಿಸ್ಕಾನ್ಸಿನ್ ಗೋಲಿ ಜೆಸ್ಸಿ ವೆಟ್ಟರ್ ಅಷ್ಟೂ ಹೊತ್ತು ಒಂದು ಗೋಲನ್ನೂ ಬಿಡಲಿಲ್ಲ.

ಆ ವರ್ಷದ ಫ್ರೋಜನ್ ಫೋರ್ ನಡೆದದ್ದು ಎಲ್ಲಿ ಗೊತ್ತಾ? ಲೇಕ್ ಪ್ಲಾಸಿಡ್‌ನಲ್ಲಿ. 1980ರ ಅದೇ ಅಂಗಣದಲ್ಲಿ. ಹರ್ಬ್ ಬ್ರೂಕ್ಸ್ 2003ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದರು. 22ನೇ ವಯಸ್ಸಿನಲ್ಲಿ ಟ್ರೆಟಿಯಾಕ್ ಅವರನ್ನು ದಾಟಿ ಗೋಲು ಹೊಡೆದ ಜಾಗದಲ್ಲಿ, 49ನೇ ವಯಸ್ಸಿನಲ್ಲಿ, ತನ್ನ ಹಳೇ ಕೋಚಿನ ಹೆಸರು ಹೊತ್ತ ಅಂಗಣದಲ್ಲಿ, ಮಾರ್ಕ್ ಬೆಂಚಿನ ಹಿಂದೆ ನಿಂತಿದ್ದರು. ಮಿನಿಸೋಟ ಡುಲುತ್ ವಿರುದ್ಧ 4–1. ಬರೆಯುವಾಗಲೂ ಮೈ ಜುಂ ಅನ್ನುತ್ತದೆ.

2021ರ ಫೈನಲ್‌ನಲ್ಲಿ ಗೋಡೆಯ ಹತ್ತಿರದ ಆಟ ಕೈಹಿಡಿಯಿತು. ನಾರ್ತ್‌ಈಸ್ಟರ್ನ್ ವಿರುದ್ಧ 1–1, ಹೆಚ್ಚುವರಿ ಅವಧಿ. ಡ್ಯಾರಿಲ್ ವಾಟ್ಸ್ ಗೋಲಿನ ಮುಂದೆ ಅಲ್ಲ, ಹಿಂದೆ ಇದ್ದರು, ಗೋಲಿಗೂ ಹಿಂಬದಿ ಗೋಡೆಗೂ ನಡುವೆ. ಅಲ್ಲಿಂದ ನೇರವಾಗಿ ಗೋಲು ಕಾಣಿಸುವುದೇ ಇಲ್ಲ. ಅವರು ಪಕ್ಕನ್ನು ಗೋಲಿನ ಮುಂದಕ್ಕೆ ಹೊಡೆದರು, ಅದು ಎದುರಾಳಿಯ ಮೈಗೆ ತಾಗಿ ಒಳಗೆ ಹೋಯಿತು. ಪಂದ್ಯ ಮುಗಿಯಿತು. ಅದೃಷ್ಟ ಅಂತ ಕೆಲವರು ಅಂದರು. ಅಲ್ಲಿಂದ ಹೊಡೆಯಬೇಕು ಅಂತ ಹೊಳೆಯುವುದೂ ಒಂದು ಆಟವೇ.

ಬ್ರೂಕ್ಸ್ ಥರಾನೇ ಕಟ್ಟುನಿಟ್ಟಾ ಇವರೂ?

ಇಲ್ಲ. ಕತ್ತಲಲ್ಲಿ ಓಡಿಸಿಕೊಂಡವರು ತಮ್ಮ ಶಿಷ್ಯೆಯರನ್ನು ಹಾಗೆ ಓಡಿಸಲಿಲ್ಲ. ಪಂದ್ಯದ ವೇಳೆ ಕೂಗಾಡುವವರಲ್ಲ, ಬೆಂಚಿನ ಹಿಂದೆ ಸುಮ್ಮನೆ ನಿಂತಿರುತ್ತಾರೆ. ಪ್ರಾಕ್ಟೀಸ್‌ನಲ್ಲಿ ಸಾಲಾಗಿ ನಿಲ್ಲಿಸಿ ಒಂದೇ ಪಾಠ ನೂರು ಸಲ ಮಾಡಿಸುವುದಕ್ಕಿಂತ, ಅಂಗಣದ ಒಂದು ತುಂಡಿನಲ್ಲಿ ನಾಲ್ಕಾರು ಜನರನ್ನು ಬಿಟ್ಟು ಚಿಕ್ಕ ಪಂದ್ಯ ಆಡಿಸುವುದು ಅವರಿಗೆ ಇಷ್ಟ. ಜಾಗ ಇಕ್ಕಟ್ಟು, ಹೊತ್ತು ಕಡಿಮೆ. ತಲೆ ತಾನಾಗಿಯೇ ಓಡುತ್ತದೆ. ನಮ್ಮ ಮಕ್ಕಳು ಮನೆ ಮುಂದಿನ ಓಣಿಯಲ್ಲಿ ಕ್ರಿಕೆಟ್ ಆಡಿ ಸೂಕ್ಷ್ಮ ಕಲಿಯುತ್ತಾರಲ್ಲ, ಹಾಗೆ.

ತಪ್ಪಾದರೂ ಪರವಾಗಿಲ್ಲ, ಹೊಸದು ಮಾಡಿ ನೋಡಿ ಅನ್ನುವುದು ಅವರ ರೀತಿ. ಇದರಲ್ಲಿ ಬ್ರೂಕ್ಸ್‌ಗಿಂತ ಅಪ್ಪನೇ ಜಾಸ್ತಿ ಕಾಣಿಸುತ್ತಾರೆ. ‘ಹಾಕಿ ಆಡೋಕೆ ಎಂಥ ಒಳ್ಳೆ ದಿನ’ ಅಂತ ದಿನಾ ಕೇಳಿ ಬೆಳೆದವರು ಆಟವನ್ನು ಶಿಕ್ಷೆ ಮಾಡಲಾರರು.

ಕೋಚ್ ಆಗಿ ದೊಡ್ಡ ಸೋಲು ಯಾವುದು?

2010ರ ವ್ಯಾಂಕೂವರ್ ಒಲಿಂಪಿಕ್ಸ್. ಅಮೆರಿಕದ ಮಹಿಳಾ ತಂಡಕ್ಕೆ ಅವರು ಕೋಚ್, ಅದಕ್ಕಾಗಿ ಒಂದು ಹಂಗಾಮು ವಿಸ್ಕಾನ್ಸಿನ್‌ನಿಂದ ರಜೆ ತೆಗೆದುಕೊಂಡಿದ್ದರು. ತಂಡದಲ್ಲಿ ಅವರದೇ ಶಿಷ್ಯೆಯರು ಹಲವರು. ಜೆಸ್ಸಿ ವೆಟ್ಟರ್, ಮೇಗನ್ ಡಗ್ಗನ್, ಹಿಲರಿ ನೈಟ್, ಜಿನೆಲ್ ಝಾಗ್. ಫೈನಲ್ ಕೆನಡಾ ವಿರುದ್ಧ, ಕೆನಡಾದಲ್ಲೇ. 0–2. ಎರಡೂ ಗೋಲು ಹೊಡೆದದ್ದು 18 ವರ್ಷದ ಮರಿ-ಫಿಲಿಪ್ ಪುಲೆ. ತಾನು ಗೆದ್ದ ಚಿನ್ನವನ್ನು ಶಿಷ್ಯೆಯರ ಕೊರಳಲ್ಲೂ ನೋಡುವ ಅವಕಾಶ ಕೈತಪ್ಪಿತು. ವಾಪಸ್ ಬಂದ ಮರುವರ್ಷವೇ, 2011ರಲ್ಲಿ, ವಿಸ್ಕಾನ್ಸಿನ್ ಮತ್ತೆ ಚಾಂಪಿಯನ್.

ಎಂಟು ವರ್ಷದ ಮೇಲೆ, 2018ರಲ್ಲಿ, ಅಮೆರಿಕದ ಮಹಿಳೆಯರು ಚಿನ್ನ ಗೆದ್ದಾಗ ತಂಡದ ನಾಯಕಿ ಮೇಗನ್ ಡಗ್ಗನ್. ಆಗ ಕೋಚ್ ಇವರಲ್ಲ. ಆದರೆ ಡಗ್ಗನ್ ಕಾಲೇಜಿನ ವರ್ಷಗಳಲ್ಲಿ ಆಟ ಕಲಿತದ್ದು ಇವರ ಬಳಿಯೇ.

ಜನ ನೋಡಲು ಬರುತ್ತಾರಾ? ಹೆಣ್ಣುಮಕ್ಕಳ ಪಂದ್ಯ ಅಂತ ಕೇಳ್ತಿದ್ದೀನಿ.

ಬರುತ್ತಾರೆ, ಚೆನ್ನಾಗಿ ಬರುತ್ತಾರೆ. 2012ರಲ್ಲಿ ಲಬಾನ್ ಅರೀನಾ ಅನ್ನುವ ಹೊಸ ಅಂಗಣ ತೆರೆಯಿತು. ಪುರುಷರ ತಂಡ ಆಡುವ ದೊಡ್ಡ ಕೋಲ್ ಸೆಂಟರ್ ಪಕ್ಕದಲ್ಲೇ. ಸುಮಾರು 2,300 ಆಸನ, ಎಷ್ಟೋ ಸಲ ಎಲ್ಲ ಭರ್ತಿ. ಚಿಕ್ಕದು ಕಟ್ಟಿದ್ದು ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ. 15 ಸಾವಿರ ಕುರ್ಚಿಯ ಸಭಾಂಗಣದಲ್ಲಿ 2 ಸಾವಿರ ಜನ ಕೂತರೆ ಖಾಲಿ ಖಾಲಿ ಕಾಣುತ್ತದೆ, ಅದೇ ಜನ ಚಿಕ್ಕ ಅಂಗಣದಲ್ಲಿ ಕೂತರೆ ಛಾವಣಿ ಹಾರುತ್ತದೆ. 2017ರ ಜನವರಿಯಲ್ಲಿ ಒಂದು ಪಂದ್ಯವನ್ನು ಬೇಕೆಂದೇ ಕೋಲ್ ಸೆಂಟರ್‌ನಲ್ಲಿ ಇಟ್ಟರು. ಬಂದವರು 15,359 ಜನ.

ಭಾರತದ ಹೆಣ್ಣುಮಕ್ಕಳು ಐಸ್ ಹಾಕಿ ಆಡುತ್ತಾರಾ?

ಆಡುತ್ತಾರೆ. ಹೆಚ್ಚಿನವರು ಲಡಾಖಿನವರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಲಿತವರು. 2025ರಲ್ಲಿ ಯುಎಇಯಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಭಾರತ ಕಂಚು ಗೆದ್ದಿತು.

ಜಾನ್ಸನ್ ತಂಡದ ಒಂದೇ ಒಂದು ಪಂದ್ಯ ನೋಡಬೇಕು ಅಂದ್ರೆ ಯಾವುದು ನೋಡಲಿ?

2025ರ ಫೈನಲ್. ಮಾರ್ಚ್ 23, ಮಿನಿಯಾಪೊಲಿಸ್, ಮಾರ್ಕ್ ಹುಟ್ಟಿದ ಊರು. ಎದುರಾಳಿ ಒಹಾಯೊ ಸ್ಟೇಟ್, ಹಿಂದಿನ ವರ್ಷದ ಫೈನಲ್‌ನಲ್ಲಿ ಇವರನ್ನು 1–0ಯಿಂದ ಸೋಲಿಸಿದ್ದ ತಂಡ. ವಿಸ್ಕಾನ್ಸಿನ್ ಆ ಹಂಗಾಮಿನಲ್ಲಿ ಸೋತದ್ದೇ ಒಂದು ಪಂದ್ಯ. ಆದರೂ ಫೈನಲ್‌ನ ಕೊನೆಯ ನಿಮಿಷದಲ್ಲಿ 2–3ರಿಂದ ಹಿಂದಿತ್ತು.

ವಿಸ್ಕಾನ್ಸಿನ್ ಗೋಲಿಯನ್ನು ಹೊರಗೆ ಕರೆಸಿ ಹೆಚ್ಚುವರಿ ಆಟಗಾರ್ತಿಯನ್ನು ಇಳಿಸಿದೆ. ಒಹಾಯೊ ಗೋಲಿನ ಮುಂದೆ ನೂಕುನುಗ್ಗಲು. ಆ ಗದ್ದಲದಲ್ಲಿ ಪಕ್ ಎಲ್ಲಿದೆ ಅಂತ ಯಾರಿಗೂ ಕಾಣಿಸುವುದಿಲ್ಲ. ಆಟ ನಿಂತಿತು. ಎದುರಾಳಿಯೊಬ್ಬರು ಗೋಲಿನ ಬಾಯಲ್ಲೇ ಪಕ್ಕನ್ನು ಕೈಯಿಂದ ಮುಚ್ಚಿದರು ಅಂತ ಜಾನ್ಸನ್ ರೆಫರಿಗಳಿಗೆ ಮರುಪರಿಶೀಲನೆ ಕೇಳಿದರು. ವಿಡಿಯೊ ನೋಡಿದರು. ನಿಜ. ಪೆನಾಲ್ಟಿ ಶಾಟ್. ಗಡಿಯಾರದಲ್ಲಿ 18.9 ಸೆಕೆಂಡು.

ಹೊಡೆಯಲು ಹೋದವರು ಕರ್ಸ್ಟನ್ ಸಿಮ್ಸ್. ಇಡೀ ಅಂಗಣದಲ್ಲಿ ಅವರು, ಗೋಲಿ, ಪಕ್, ಅಷ್ಟೇ. ಗೋಲು. 3–3. ಹೆಚ್ಚುವರಿ ಅವಧಿ ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ, ಸಿಮ್ಸ್ ಮತ್ತೊಂದು ಹೊಡೆದರು. ಹುಡುಗಿಯರೆಲ್ಲ ಹೆಲ್ಮೆಟ್, ಸ್ಟಿಕ್ ಎಸೆದು ಒಬ್ಬರ ಮೇಲೊಬ್ಬರು ಬಿದ್ದರು. ಹುಡುಕಿ ನೋಡಿ, ಕೊನೆಯ ಐದು ನಿಮಿಷ ನೋಡಿದರೂ ಸಾಕು.